ಇದ್ದಕ್ಕಿದ್ದಂತೆ ಆರಿಹೋಗುವ ಲ್ಯಾಪ್‌ಟಾಪ್: ಕಾರಣ, ಪತ್ತೆ, ಪರಿಹಾರ

ಬರೆಯುತ್ತಿದ್ದ ವರದಿ ಮುಕ್ತಾಯದ ಹಂತಕ್ಕೆ ಬಂದಿರುತ್ತದೆ; ಇಲ್ಲವೇ ಆನ್‌ಲೈನ್ ಪರೀಕ್ಷೆ ಮುಗಿಯಲು ಹತ್ತೇ ನಿಮಿಷ ಉಳಿದಿರುತ್ತದೆ. ಯಾವ ಮುನ್ಸೂಚನೆಯೂ ಇಲ್ಲದೆ ಲ್ಯಾಪ್‌ಟಾಪಿನ ಪರದೆ ಕಪ್ಪಾಗುತ್ತದೆ. ಅಲ್ಲಿಯವರೆಗೆ ಭೋರೆನ್ನುತ್ತಿದ್ದ ಫ್ಯಾನಿನ ಸದ್ದೂ ಅಡಗುತ್ತದೆ. ಗುಂಡಿ ಒತ್ತಿದರೆ ಮತ್ತೆ ಚಾಲೂ ಆದಂತೆ ಮಾಡಿ, ಎರಡು ನಿಮಿಷ ಕಳೆಯುವುದರೊಳಗೆ ಪುನಃ ಆರಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ನಡೆದೇ ಇಲ್ಲವೆಂಬಂತೆ ಕೆಲಸಕ್ಕೆ ನಿಲ್ಲುತ್ತದೆ.

ಇಂಥ ಯಂತ್ರವನ್ನು ದುರಸ್ತಿಗೆ ಒಯ್ದವರಿಗೆ ‘ಮದರ್‌ಬೋರ್ಡ್ ಹೋಗಿದೆ’ ಎಂಬ ಉತ್ತರ ದೊರೆಯುವುದುಂಟು. ಹೊಸ ಮದರ್‌ಬೋರ್ಡಿನ ಬೆಲೆ ಕೇಳಿ ಹಳೆಯ ಯಂತ್ರವನ್ನೇ ಮೂಲೆಗೆ ಸರಿಸಿದವರೂ ಇದ್ದಾರೆ. ಆದರೆ ಮೇಲೆ ಹೇಳಿದ ಲಕ್ಷಣಗಳೆಲ್ಲ ಒಟ್ಟಿಗೆ ಕಂಡುಬಂದರೆ ಮೊದಲು ಶಂಕಿಸಬೇಕಾದದ್ದು ಕಾವನ್ನು. ಇಂಥ ಸಂದರ್ಭದಲ್ಲಿ ಲ್ಯಾಪ್‌ಟಾಪ್ ಕೆಟ್ಟುಹೋಗಿರುವುದಿಲ್ಲ. ಕೆಡಬಾರದೆಂದು ತನ್ನನ್ನು ತಾನು ಆರಿಸಿಕೊಳ್ಳುತ್ತಿರುತ್ತದೆ. ಕೆಟ್ಟಿರುವುದು ಕಾವು ಹೊರಗೆ ಹೋಗುವ ದಾರಿ. ಆ ದಾರಿ ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಕಂಡುಕೊಂಡರೆ, ಬಹುತೇಕ ಸಂದರ್ಭಗಳಲ್ಲಿ ಅಲ್ಪ ವೆಚ್ಚದಲ್ಲೇ ಯಂತ್ರ ಮತ್ತೆ ಹಳಿಗೆ ಬರುತ್ತದೆ.

ಆರಿಹೋಗುವುದು ರೋಗವಲ್ಲ, ರಕ್ಷಣೆ

ಲ್ಯಾಪ್‌ಟಾಪಿನ ಮಿದುಳೆನಿಸಿದ ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಕಾವಾಗಿಯೇ ಪರಿವರ್ತನೆಯಾಗುತ್ತದೆ. ತೆಳುವಾದ ಲ್ಯಾಪ್‌ಟಾಪ್‌ಗಳ ಪ್ರೊಸೆಸರುಗಳನ್ನು ಸಾಮಾನ್ಯವಾಗಿ 15 ವ್ಯಾಟ್ ಆಸುಪಾಸಿಗೆ ವಿನ್ಯಾಸಗೊಳಿಸಿರುತ್ತಾರೆ. ಆಟ, ವಿಡಿಯೊ ಸಂಪಾದನೆ ಮೊದಲಾದವುಗಳಿಗೆಂದು ಮಾಡಿದ ಯಂತ್ರಗಳಲ್ಲಿ ಇದು 45 ವ್ಯಾಟ್ ಮತ್ತು ಅದಕ್ಕೂ ಮೇಲೆ; ಗ್ರಾಫಿಕ್ಸ್ ಚಿಪ್ ಪ್ರತ್ಯೇಕವಾಗಿದ್ದರೆ ಅದರ ಕಾವೂ ಸೇರಿಕೊಳ್ಳುತ್ತದೆ. ಬೆರಳಿನ ಉಗುರಿನಷ್ಟು ಅಗಲದ ಚಿಪ್ಪಿನಲ್ಲಿ ಹುಟ್ಟುವ ಇಷ್ಟು ಕಾವನ್ನು ಎರಡು ಬೆರಳು ದಪ್ಪದ ಪೆಟ್ಟಿಗೆಯಿಂದ ಎಡೆಬಿಡದೆ ಹೊರಹಾಕುತ್ತಿರಬೇಕು.

ಇಂದಿನ ಬಹುಪಾಲು ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ತಯಾರಕರು ನಿಗದಿಪಡಿಸಿರುವ ಗರಿಷ್ಠ ಉಷ್ಣಾಂಶ 95ರಿಂದ 105 ಡಿಗ್ರಿ ಸೆಲ್ಸಿಯಸ್. ಈ ಗಡಿ ಸಮೀಪಿಸುತ್ತಿದ್ದಂತೆ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ‘ಲ್ಯಾಪ್‌ಟಾಪ್ ಯಾಕೋ ನಿಧಾನವಾಗಿದೆ’ ಎಂಬ ದೂರಿನ ಹಿಂದೆ ಎಷ್ಟೋ ಬಾರಿ ಇರುವುದು ಇದೇ. ವೇಗ ತಗ್ಗಿಸಿದರೂ ಕಾವು ಇಳಿಯದಿದ್ದರೆ ಯಂತ್ರದ ನಿಯಂತ್ರಣ ವ್ಯವಸ್ಥೆ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ತೆರೆದಿರುವ ಕಡತಗಳನ್ನು ಉಳಿಸಿಕೊಳ್ಳಲು ಆಗ ಸಮಯಾವಕಾಶ ಇರುವುದಿಲ್ಲ.

ಈ ರಕ್ಷಣೆ ಮೊದಲಿನಿಂದಲೂ ಇದ್ದುದಲ್ಲ. 2001ರಲ್ಲಿ ‘ಟಾಮ್ಸ್ ಹಾರ್ಡ್‌ವೇರ್’ ಎಂಬ ಅಂತರ್ಜಾಲ ಪತ್ರಿಕೆ, ಚಾಲನೆಯಲ್ಲಿದ್ದ ಡೆಸ್ಕ್‌ಟಾಪ್ ಗಣಕಗಳ ಪ್ರೊಸೆಸರ್ ಮೇಲಿನ ಹೀಟ್ ಸಿಂಕನ್ನು ಕಿತ್ತು ತೆಗೆದು ಪರೀಕ್ಷಿಸಿತ್ತು. ಎಎಂಡಿ ಸಂಸ್ಥೆಯ ಅಥ್ಲಾನ್ ಪ್ರೊಸೆಸರುಗಳು ನೋಡನೋಡುತ್ತಿದ್ದಂತೆ ಸುಟ್ಟುಹೋದವು. ಇಂಟೆಲ್‌ನ ಪೆಂಟಿಯಂ 3 ಸ್ತಬ್ಧಗೊಂಡರೂ ಉಳಿದುಕೊಂಡಿತು. ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಕೆಲಸ ಮುಂದುವರಿಸಿತು. ಇಂದು ಎಲ್ಲ ಪ್ರಮುಖ ಪ್ರೊಸೆಸರುಗಳಲ್ಲೂ ಇಂಥ ಕಾವಲು ಇದೆ. ಒಮ್ಮೆ ಆರಿಹೋದ ಮಾತ್ರಕ್ಕೆ ಪ್ರೊಸೆಸರ್ ಸುಟ್ಟಿದೆಯೆಂದು ಭಾವಿಸಬೇಕಿಲ್ಲ ಎಂಬ ಸಮಾಧಾನ ಇದರಿಂದ ದೊರೆಯುತ್ತದೆ. ಹಾಗೆಂದು ತಿಂಗಳುಗಟ್ಟಲೆ ಕಡೆಗಣಿಸುವುದೂ ತರವಲ್ಲ. ಕಾವಿನ ಕಾವಲು ಇರುವುದು ಪ್ರೊಸೆಸರಿಗೆ. ಪಕ್ಕದಲ್ಲೇ ಕಾಯುತ್ತ ಕುಳಿತ ಬ್ಯಾಟರಿಯ ಆಯುಷ್ಯಕ್ಕಲ್ಲ, ಅರ್ಧ ಬರೆದ ಕಡತಕ್ಕಂತೂ ಅಲ್ಲವೇ ಅಲ್ಲ.

ಕಾವು ಸಾಗುವ ದಾರಿ

ಪ್ರೊಸೆಸರಿನ ಮೇಲೆ ತಾಮ್ರದ ಪುಟ್ಟ ತಟ್ಟೆಯೊಂದು ಕುಳಿತಿರುತ್ತದೆ. ನುಣುಪಾಗಿ ಕಂಡರೂ ಎರಡು ಮೇಲ್ಮೈಗಳ ನಡುವೆ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳಿದ್ದು, ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಳಿ ಕಾವನ್ನು ಸಾಗಿಸುವುದರಲ್ಲಿ ಬಲು ಸೋಮಾರಿ. ಆದ್ದರಿಂದ ಆ ಸಂದುಗಳನ್ನು ಥರ್ಮಲ್ ಪೇಸ್ಟ್ ಎಂಬ ಲೇಪದಿಂದ ತುಂಬುತ್ತಾರೆ.

ತಟ್ಟೆಗೆ ಬೆಸೆದುಕೊಂಡಿರುವ ಚಪ್ಪಟೆ ತಾಮ್ರದ ಕೊಳವೆಯೇ ಹೀಟ್ ಪೈಪ್. ಗಾಳಿಯನ್ನು ತೆಗೆದು ಮುಚ್ಚಿದ ಈ ಕೊಳವೆಯೊಳಗೆ ಅತ್ಯಲ್ಪ ನೀರು ಇರುತ್ತದೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ, ತಣ್ಣನೆಯ ತುದಿಗೆ ಹರಿದು, ಅಲ್ಲಿ ಕಾವನ್ನು ಬಿಟ್ಟು ಮತ್ತೆ ನೀರಾಗುತ್ತದೆ. ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಈ ಸಾಧನವನ್ನು 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಅಭಿವೃದ್ಧಿಪಡಿಸಿದರು. ಬಾಹ್ಯಾಕಾಶ ನೌಕೆಗಳಿಗೆ ಒದಗಿದ ಅದೇ ತತ್ವ ಇಂದು ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿದೆ.

ಕೊಳವೆಯ ತಣ್ಣನೆಯ ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಜೋಡಿಸಿದ ತೆಳು ಲೋಹದ ಪಟ್ಟಿಗಳಿರುತ್ತವೆ. ಫ್ಯಾನ್ ಕೆಳಗಿನಿಂದಲೋ ಕೀಲಿಮಣೆಯ ಸಂದಿನಿಂದಲೋ ಗಾಳಿ ಎಳೆದು ಈ ಪಟ್ಟಿಗಳ ನಡುವೆ ಊದಿ, ಬಿಸಿಗಾಳಿಯನ್ನು ಪಕ್ಕದ ಅಥವಾ ಹಿಂಬದಿಯ ಕಿಂಡಿಯಿಂದ ಹೊರದಬ್ಬುತ್ತದೆ. ಫ್ಯಾನಿಲ್ಲದ ಯಂತ್ರಗಳೂ ಇವೆ. 2020ರಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಇದಕ್ಕೆ ಉದಾಹರಣೆ.

ಈ ದಾರಿ ಮುಖ್ಯವಾಗಿ ನಾಲ್ಕು ಕಡೆ ಕಡಿದುಹೋಗುತ್ತದೆ:

1. ಧೂಳಿನ ಪದರ: ಧೂಳು, ಕೂದಲು, ಬಟ್ಟೆಯ ಎಳೆ, ಅಡುಗೆಯ ಜಿಡ್ಡು ಸೇರಿಕೊಂಡು ಫ್ಯಾನ್ ಮತ್ತು ಲೋಹದ ಪಟ್ಟಿಗಳ ನಡುವೆ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟುತ್ತವೆ. ಹೊರಗಿನಿಂದ ನೋಡಿದರೆ ಕಿಂಡಿ ಶುಚಿಯಾಗಿಯೇ ಕಾಣುತ್ತದೆ. ಕೆಲವು ವರ್ಷ ಬಳಸಿದ ಯಂತ್ರಗಳಲ್ಲಿ ಬಹು ಸಾಮಾನ್ಯವಾದ ಕಾರಣ ಇದು.

2. ಒಣಗಿದ ಪೇಸ್ಟ್: ವರ್ಷಗಳ ಬಿಸಿ-ತಂಪಿನ ಆವರ್ತನೆಯಿಂದ ಲೇಪ ಒಣಗುತ್ತದೆ ಅಥವಾ ಬದಿಗೆ ಸರಿಯುತ್ತದೆ. ಚಿಪ್ಪಿಗೂ ತಟ್ಟೆಗೂ ಇದ್ದ ನಂಟು ತಪ್ಪುತ್ತದೆ.

3. ಸೋತ ಫ್ಯಾನ್: ಬೇರಿಂಗ್ ಸವೆದರೆ ಫ್ಯಾನ್ ಮೊದಲು ಕರಕರ ಸದ್ದು ಮಾಡಿ, ಕ್ರಮೇಣ ನಿಧಾನಗೊಂಡು, ಒಂದು ದಿನ ನಿಂತೇ ಬಿಡುತ್ತದೆ.

4. ಮುಚ್ಚಿದ ಕಿಂಡಿ: ಹಾಸಿಗೆ, ದಿಂಬು, ಸೋಫಾ, ತೊಡೆಯ ಮೇಲಿನ ಹೊದಿಕೆ. ಇಲ್ಲಿ ಯಂತ್ರದ ದೋಷವೇನೂ ಇಲ್ಲ. ಉಸಿರಾಡಲು ಅದಕ್ಕೆ ಎಡೆಯಿಲ್ಲ ಅಷ್ಟೆ.

ಬೇಸಿಗೆಯ ಲೆಕ್ಕಾಚಾರ

ಚಳಿಗಾಲದಲ್ಲಿ ಸರಿಯಿದ್ದ ಲ್ಯಾಪ್‌ಟಾಪ್ ಏಪ್ರಿಲ್ ಬರುತ್ತಿದ್ದಂತೆ ಆರಿಹೋಗತೊಡಗಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಫ್ಯಾನು ಎಷ್ಟೇ ಊದಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಒಂದು ನಿರ್ದಿಷ್ಟ ಕೆಲಸದ ಹೊರೆಗೆ ಪ್ರೊಸೆಸರ್, ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ ಎಂಬುದು ಸರಳ ಲೆಕ್ಕ. 25 ಡಿಗ್ರಿಯ ಕೋಣೆಯಲ್ಲಿ 85 ಡಿಗ್ರಿ ತಲುಪುವ ಪ್ರೊಸೆಸರ್, ಅದೇ ಕೆಲಸಕ್ಕೆ ಮತ್ತು ಅದೇ ಫ್ಯಾನ್ ವೇಗಕ್ಕೆ 40 ಡಿಗ್ರಿಯ ಕೋಣೆಯಲ್ಲಿ 100ರ ಆಸುಪಾಸಿಗೆ ಬರುತ್ತದೆ. ಹೊಸ ದೋಷವೇನೂ ಸೇರಿಲ್ಲ. ಮೊದಲೇ ಇದ್ದ ಅಲ್ಪಸ್ವಲ್ಪ ಧೂಳಿನ ಜತೆಗೆ ಬೇಸಿಗೆ ಕೈಜೋಡಿಸಿದೆ.

ಬಹಳಷ್ಟು ತಯಾರಕರು ತಮ್ಮ ಲ್ಯಾಪ್‌ಟಾಪ್‌ಗಳ ಬಳಕೆಗೆ 35 ಡಿಗ್ರಿಯವರೆಗಿನ ಪರಿಸರವನ್ನಷ್ಟೇ ಸೂಚಿಸುತ್ತಾರೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಅಲ್ಲಿಯ ಬಳಕೆದಾರರಿಗೆ ಒಳಗಿನ ಶುಚಿ ಹೆಚ್ಚು ಅಗತ್ಯ. ವಿಡಿಯೊ ಸಂಪಾದನೆಯಂಥ ಭಾರದ ಕೆಲಸಗಳನ್ನು ಮುಂಜಾನೆಗೋ ರಾತ್ರಿಗೋ ಇಟ್ಟುಕೊಳ್ಳುವುದು ಒಳಿತು.

ಕಾರಣ ಕಾವೇ ಹೌದೆ?

ಹಠಾತ್ತನೆ ಆರುವುದಕ್ಕೆ ಬೇರೆ ಕಾರಣಗಳೂ ಇವೆ. ಅವನ್ನು ಬೇರ್ಪಡಿಸಿ ನೋಡದೆ ದುರಸ್ತಿಗೆ ಕೈಹಾಕಿದರೆ ಗುಡ್ಡ ಅಗೆದು ಇಲಿ ಹಿಡಿದಂತಾದೀತು.

ಚಾರ್ಜರ್ ತೆಗೆದೊಡನೆ, ಅಥವಾ ಬ್ಯಾಟರಿ ಇನ್ನೂ ಶೇ. 30-40 ಇದೆಯೆಂದು ತೋರಿಸುತ್ತಿರುವಾಗಲೇ ಯಂತ್ರ ಆರಿ, ಚಾರ್ಜರ್ ಸಿಕ್ಕಿಸಿದಾಗ ಸರಿಯಾಗಿ ನಡೆದರೆ ಅದು ಮುಪ್ಪಾದ ಬ್ಯಾಟರಿಯ ಲಕ್ಷಣ. ವೈರನ್ನು ಅಲುಗಿಸಿದಾಗ ಆರಿದರೆ ಚಾರ್ಜರಿನ ಪಿನ್ ಅಥವಾ ಅದು ಕೂರುವ ಜಾಗ ಸಡಿಲವಾಗಿದೆ. ನೀಲಿ ಪರದೆ ಮೂಡಿ ದೋಷದ ಸಂದೇಶ ಕಾಣಿಸಿದರೆ ಮೆಮೊರಿ, ಡಿಸ್ಕ್ ಅಥವಾ ಡ್ರೈವರ್ ತಂತ್ರಾಂಶದ ಕಡೆ ನೋಡಬೇಕು. ಯಂತ್ರ ತಣ್ಣಗಿದ್ದಾಗಲೂ, ಯಾವ ಕೆಲಸವಿಲ್ಲದಾಗಲೂ ಆರಿದರೆ ವಿದ್ಯುತ್ ಮಂಡಲದಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು.

ಭಾರದ ಕೆಲಸದಲ್ಲಿ, ಫ್ಯಾನ್ ಜೋರಾಗಿ ಓಡಿದ ನಂತರ, ತಳ ಮುಟ್ಟಲಾಗದಷ್ಟು ಬಿಸಿಯಾದಾಗ ಆರಿ, ತಣಿದ ಬಳಿಕವಷ್ಟೇ ನಿಲ್ಲುವಂತಾದರೆ ಅದು ಕಾವಿನದ್ದೇ ಕೈವಾಡ.

ಖಚಿತಪಡಿಸಿಕೊಳ್ಳಲು ವಿಂಡೋಸ್‌ನಲ್ಲೇ ದಾಖಲೆ ದೊರೆಯುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಇವೆಂಟ್ ವ್ಯೂವರ್’ ತೆರೆದು, ‘ವಿಂಡೋಸ್ ಲಾಗ್ಸ್’ ಅಡಿಯಲ್ಲಿರುವ ‘ಸಿಸ್ಟಮ್’ ವಿಭಾಗವನ್ನು ನೋಡಬೇಕು. ಅಲ್ಲಿ ‘ಕರ್ನಲ್-ಪವರ್’ ಹೆಸರಿನಲ್ಲಿ 41ನೇ ಸಂಖ್ಯೆಯ ದಾಖಲೆಯಿದ್ದರೆ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂದಷ್ಟೇ ಅರ್ಥ; ಕಾರಣವನ್ನು ಅದು ಹೇಳುವುದಿಲ್ಲ. 86ನೇ ಸಂಖ್ಯೆಯ ದಾಖಲೆಯಿದ್ದರೆ ಅಪಾಯಕಾರಿ ಉಷ್ಣಾಂಶದಿಂದ ಯಂತ್ರ ಮುಚ್ಚಿತೆಂದು ನೇರವಾಗಿಯೇ ತಿಳಿಯುತ್ತದೆ. ವಿದ್ಯುತ್ ತಟಕ್ಕನೆ ಕಡಿದಾಗ ಈ ದಾಖಲೆ ಬರೆಯಲೂ ವ್ಯವಧಾನವಿರದು. ಆದ್ದರಿಂದ ಅದು ಇಲ್ಲವೆಂದ ಮಾತ್ರಕ್ಕೆ ಕಾವು ಕಾರಣವಲ್ಲ ಎನ್ನಲಾಗದು.

ಉಷ್ಣಾಂಶವನ್ನು ಅಳೆದು ತೋರಿಸುವ ಉಚಿತ ತಂತ್ರಾಂಶಗಳಿವೆ. ವಿಂಡೋಸ್‌ಗೆ ಎಚ್‌ಡಬ್ಲ್ಯೂಇನ್ಫೋ, ಕೋರ್ ಟೆಂಪ್. ಲಿನಕ್ಸ್‌ಗೆ ಎಲ್‌ಎಂ-ಸೆನ್ಸರ್ಸ್ ಇವುಗಳಲ್ಲಿ ಪ್ರಮುಖವಾದವು. ಹಗುರ ಕೆಲಸದಲ್ಲಿ 40ರಿಂದ 60 ಡಿಗ್ರಿ, ಭಾರದ ಕೆಲಸದಲ್ಲಿ 70ರಿಂದ 90 ಡಿಗ್ರಿ ಸಾಮಾನ್ಯ. ಆಟದ ಲ್ಯಾಪ್‌ಟಾಪ್‌ಗಳು 95 ಮುಟ್ಟುವುದೂ ಉಂಟು. ಬರಿಯ ಜಾಲತಾಣ ತೆರೆದ ಕೆಲವೇ ಕ್ಷಣಗಳಲ್ಲಿ 95ಕ್ಕೆ ಜಿಗಿದರೆ ಮಾತ್ರ ದಾರಿ ಕಡಿದಿದೆಯೆಂದೇ ತಿಳಿಯಬೇಕು.

ಅಂಗೈಯೇ ಉಷ್ಣಮಾಪಕ

ದಾರಿ ಎಲ್ಲಿ ಕಡಿದಿದೆ ಎಂಬುದನ್ನು ಯಂತ್ರ ಬಿಚ್ಚುವ ಮೊದಲೇ ಬಹುಮಟ್ಟಿಗೆ ಊಹಿಸಬಹುದು. ತಂತ್ರಾಂಶ ಹೆಚ್ಚಿನ ಉಷ್ಣಾಂಶ ತೋರಿಸುತ್ತಿರುವಾಗ ಬಿಸಿಗಾಳಿಯ ಕಿಂಡಿಯೆದುರು ಅಂಗೈ ಹಿಡಿಯಬೇಕು.

* ಸದ್ದೂ ಇಲ್ಲ, ಗಾಳಿಯೂ ಇಲ್ಲ: ಫ್ಯಾನ್ ನಿಂತಿದೆ.
* ಸದ್ದು ಜೋರು, ಗಾಳಿ ಕ್ಷೀಣ, ತಳ ಬಿಸಿ: ಪಟ್ಟಿಗಳ ನಡುವೆ ಧೂಳು ಕಟ್ಟಿದೆ.
* ಗಾಳಿ ಜೋರು, ಆದರೆ ತಣ್ಣಗಿದೆ: ಕಾವು ಪಟ್ಟಿಗಳವರೆಗೆ ಬರುತ್ತಲೇ ಇಲ್ಲ. ಪೇಸ್ಟ್ ಒಣಗಿದೆ, ತಟ್ಟೆ ಸಡಿಲಾಗಿದೆ ಅಥವಾ ಹೀಟ್ ಪೈಪ್ ಕೆಟ್ಟಿದೆ.
* ಗಾಳಿ ಜೋರು, ಬಿಸಿಯೂ ಹೌದು: ದಾರಿ ಸರಿಯಿದೆ. ಕೆಲಸದ ಹೊರೆ ಅಥವಾ ಕೋಣೆಯ ಸೆಕೆ ಹೆಚ್ಚಿದೆ.

ಫ್ಯಾನ್ ಪರೀಕ್ಷಿಸಲು ಕೆಲವು ತಯಾರಕರು ಯಂತ್ರದಲ್ಲೇ ಅನುಕೂಲ ಕಲ್ಪಿಸಿದ್ದಾರೆ. ಡೆಲ್ ಯಂತ್ರಗಳಲ್ಲಿ ಚಾಲೂ ಮಾಡುವಾಗ ಎಫ್12 ಒತ್ತಿ, ಎಚ್‌ಪಿ ಯಂತ್ರಗಳಲ್ಲಿ ಎಸ್ಕೇಪ್ ಹಾಗೂ ಎಫ್2 ಒತ್ತಿ ಪರೀಕ್ಷಾ ವಿಭಾಗಕ್ಕೆ ಹೋಗಬಹುದು.

ಎಲ್ಲಕ್ಕಿಂತ ಮೊದಲು ಬ್ಯಾಟರಿ

ದುರಸ್ತಿಯ ಮಾತು ಆಮೇಲಿರಲಿ, ಮೊದಲು ನೋಡಬೇಕಾದದ್ದು ಬ್ಯಾಟರಿ ಉಬ್ಬಿದೆಯೇ ಎಂಬುದನ್ನು. ಲಿಥಿಯಂ ಬ್ಯಾಟರಿಗೆ ನಿರಂತರ ಕಾವು ಪರಮ ಶತ್ರು. ಮುಪ್ಪಾದ ಕೋಶಗಳಲ್ಲಿ ಅನಿಲ ಹುಟ್ಟಿ ಉಬ್ಬುತ್ತವೆ. ಟಚ್‌ಪ್ಯಾಡ್ ಮೇಲೆದ್ದಿರುವುದು, ಮುಚ್ಚಳ ಪೂರ್ತಿ ಮುಚ್ಚದಿರುವುದು, ಸಮತಟ್ಟಾದ ಮೇಜಿನ ಮೇಲೆ ಯಂತ್ರ ತೂಗಾಡುವುದು, ತಳದ ಹೊದಿಕೆಯ ಅಂಚು ಬಾಯ್ಬಿಟ್ಟಿರುವುದು ಇದರ ಗುರುತುಗಳು.

ಇವುಗಳಲ್ಲಿ ಒಂದು ಕಂಡರೂ ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಬೆಂಕಿ ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಡಬೇಕು. ಉಬ್ಬಿದ್ದನ್ನು ಅದುಮುವುದು, ಚುಚ್ಚಿ ಗಾಳಿ ಬಿಡುವುದು ಪ್ರಾಣಕ್ಕೇ ಸಂಚಕಾರ. ಅನುಭವಿ ತಂತ್ರಜ್ಞರಿಂದ ತೆಗೆಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು. ಬ್ಯಾಟರಿ ತ್ಯಾಜ್ಯ ನಿರ್ವಹಣೆಗೆ ಭಾರತದಲ್ಲಿ 2022ರಿಂದ ಪ್ರತ್ಯೇಕ ನಿಯಮಗಳೇ ಇವೆ.

ಇದು ಉತ್ಪ್ರೇಕ್ಷೆಯಲ್ಲ. 2006ರ ಆಗಸ್ಟ್‌ನಲ್ಲಿ ಡೆಲ್ ಸಂಸ್ಥೆ ಸೋನಿ ಕೋಶಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಬೆಂಕಿಯ ಭೀತಿಯಿಂದ ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಘೋಷಿಸಿತು. ಅದೇ ತಿಂಗಳು ಆಪಲ್ ಸಹ 18 ಲಕ್ಷ ಬ್ಯಾಟರಿಗಳನ್ನು ವಾಪಸು ಕೇಳಿತು. 2019ರ ಜೂನ್‌ನಲ್ಲಿ ಆಪಲ್ ತನ್ನ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿಯನ್ನು ಬದಲಿಸಿಕೊಡಲು ಮುಂದಾದಾಗ, ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂಥ ಯಂತ್ರಗಳನ್ನು ವಿಮಾನದಲ್ಲಿ ತರದಂತೆ ಪ್ರಯಾಣಿಕರಿಗೆ ಸೂಚಿಸಿತ್ತು.

ನಂತರ ಕಡತಗಳ ಪ್ರತಿ

ಬ್ಯಾಟರಿ ಸರಿಯಿದೆಯೆಂದಾದರೆ ಮುಂದಿನ ಕೆಲಸ ಕಡತಗಳನ್ನು ಉಳಿಸಿಕೊಳ್ಳುವುದು. ಯಂತ್ರಕ್ಕೆ ಬದಲಿ ಸಿಕ್ಕೀತು. ಮಗುವಿನ ಭಾವಚಿತ್ರ, ಮೂರು ವರ್ಷದ ಸಂಶೋಧನಾ ಪ್ರಬಂಧ, ಅಂಗಡಿಯ ಲೆಕ್ಕಪತ್ರಗಳಿಗೆ ಬದಲಿ ಇಲ್ಲ. ಬರೆಯುತ್ತಿರುವ ಹೊತ್ತಿಗೇ ವಿದ್ಯುತ್ ಕಡಿದರೆ ಆ ಕಡತ ಹಾಳಾಗುವ ಸಂಭವವಿದ್ದು, ಪ್ರತಿ ಬಾರಿ ಆರಿದಾಗಲೂ ಈ ಜೂಜು ನಡೆದೇ ಇರುತ್ತದೆ.

ಹತ್ತೇ ನಿಮಿಷ ನಿಲ್ಲುವ ಯಂತ್ರದಿಂದಲೂ ಪ್ರತಿ ತೆಗೆಯಲು ಸಾಧ್ಯ. ಪೂರ್ತಿ ತಣಿಯಲು ಬಿಟ್ಟು, ಗಟ್ಟಿ ಮೇಜಿನ ಮೇಲೆ ಹಿಂಬದಿಯನ್ನು ಎತ್ತರಿಸಿಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕಿ, ಬೇರಾವ ತಂತ್ರಾಂಶವನ್ನೂ ತೆರೆಯದೆ, ಅತಿ ಮುಖ್ಯವಾದುದನ್ನೇ ಮೊದಲು ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕಿಗೆ ನಕಲಿಸಬೇಕು. ಒಮ್ಮೆಲೇ ಎಲ್ಲವನ್ನೂ ಕಳಿಸುವ ಬದಲು ಕಂತುಕಂತಾಗಿ ಕಳಿಸುವುದು ಕ್ಷೇಮ. ಅಷ್ಟೂ ಸಾಧ್ಯವಾಗದಿದ್ದರೆ ಡಿಸ್ಕನ್ನು ಹೊರತೆಗೆದು ಮತ್ತೊಂದು ಗಣಕಕ್ಕೆ ಯುಎಸ್‌ಬಿ ಮೂಲಕ ಜೋಡಿಸಿ ಓದಿಸಬಹುದು. ಆದರೆ ಡಿಸ್ಕನ್ನೇ ಮದರ್‌ಬೋರ್ಡಿಗೆ ಬೆಸೆದಿರುವ ಯಂತ್ರಗಳಲ್ಲಿ ಇದು ನಡೆಯದು. ವಿಂಡೋಸ್‌ನ ಬಿಟ್‌ಲಾಕರ್ ಗೂಢಲಿಪಿ ಚಾಲ್ತಿಯಲ್ಲಿದ್ದರೆ ಮರುಪಡೆಯುವ ಕೀಲಿ ಸಂಖ್ಯೆ ಬೇಕೇ ಬೇಕು. ಬಹುತೇಕ ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ದುರಸ್ತಿಗೆ ಕೊಡುವ ಮುನ್ನವೇ ಅದನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಮನೆಯಲ್ಲೇ ಮಾಡಬಹುದಾದದ್ದು

ಹಾಸಿಗೆಯಿಂದ ಮೇಜಿಗೆ: ಗಟ್ಟಿ, ಸಮತಟ್ಟಾದ ಜಾಗದಲ್ಲಿಟ್ಟು, ಹಿಂಬದಿಯನ್ನು ಒಂದಂಗುಲ ಎತ್ತರಿಸಿದರೆ ಕೆಳಗಿನಿಂದ ಗಾಳಿ ಸರಾಗವಾಗಿ ಒಳಬರುತ್ತದೆ. ಕಿಂಡಿಗಳು ಗೋಡೆಗೆ ಆನಿಕೊಂಡಿರಬಾರದು. ಮಾರುಕಟ್ಟೆಯ ‘ಕೂಲಿಂಗ್ ಪ್ಯಾಡ್’ ಕೆಲವು ಡಿಗ್ರಿ ತಗ್ಗಿಸೀತೇ ಹೊರತು ಒಳಗಿನ ಧೂಳನ್ನು ತೆಗೆಯಲಾರದು.

ಹೊರೆ ಯಾರದ್ದು?: ‘ಟಾಸ್ಕ್ ಮ್ಯಾನೇಜರ್’ ತೆರೆದು ಪ್ರೊಸೆಸರನ್ನು ಯಾವುದು ದುಡಿಸುತ್ತಿದೆ ಎಂದು ನೋಡಬೇಕು. ಹತ್ತಾರು ಪುಟ ತೆರೆದಿಟ್ಟ ಬ್ರೌಸರ್, ಹಿನ್ನೆಲೆಯ ವೈರಸ್ ತಪಾಸಣೆ, ವಿಂಡೋಸ್ ನವೀಕರಣ ಇವು ಸಾಮಾನ್ಯ. ಗುರುತಿಲ್ಲದ ಹೆಸರಿನ ತಂತ್ರಾಂಶ ಸದಾಕಾಲ ದುಡಿಯುತ್ತಿದ್ದರೆ, ಬಳಕೆದಾರರಿಗೆ ತಿಳಿಯದಂತೆ ಡಿಜಿಟಲ್ ನಾಣ್ಯ ಗಣಿಗಾರಿಕೆ ನಡೆಸುವ ಕುತಂತ್ರಾಂಶ ಸೇರಿಕೊಂಡಿರುವ ಶಂಕೆಯಿದೆ.

ವೇಗಕ್ಕೆ ಕಡಿವಾಣ: ವಿಂಡೋಸ್‌ನ ‘ಪವರ್ ಆಪ್ಷನ್ಸ್’ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ, ಬಹಳಷ್ಟು ಯಂತ್ರಗಳಲ್ಲಿ ‘ಟರ್ಬೊ’ ಎಂಬ ಹೆಚ್ಚುವರಿ ವೇಗ ನಿಂತು ಕಾವು ಗಣನೀಯವಾಗಿ ಇಳಿಯುತ್ತದೆ. ಬರವಣಿಗೆ, ಜಾಲಾಟಗಳಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹೊಸ ಯಂತ್ರಗಳಲ್ಲಿ ಈ ಆಯ್ಕೆ ಕಾಣಿಸದಿರಬಹುದು. ಅಲ್ಲಿ ತಯಾರಕರ ತಂತ್ರಾಂಶದ ‘ಕ್ವಯೆಟ್’ ಅಥವಾ ‘ಕೂಲ್’ ವಿಧಾನ ಅದೇ ಕೆಲಸ ಮಾಡುತ್ತದೆ.

ಚಾರ್ಜಿಗೆ ಮಿತಿ: ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟು ಬಳಸುವವರು, ತಯಾರಕರು ಅವಕಾಶ ಕೊಟ್ಟಿದ್ದರೆ ಚಾರ್ಜ್ ಮಿತಿಯನ್ನು ಶೇ. 80ಕ್ಕೆ ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಚೀಲದೊಳಗಿನ ಕಾವು: ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದ ಲ್ಯಾಪ್‌ಟಾಪ್ ಕಚೇರಿ ತಲುಪುವಷ್ಟರಲ್ಲಿ ಕೆಂಡದಂತಾಗಿರುವುದು ಹಲವರ ಅನುಭವ. ವಿಂಡೋಸ್‌ನ ಈಚಿನ ನಿದ್ರಾಸ್ಥಿತಿಯಲ್ಲಿ ಯಂತ್ರ ಪೂರ್ತಿ ಮಲಗುವುದಿಲ್ಲ. ಅಂಚೆ, ನವೀಕರಣಗಳಿಗಾಗಿ ಆಗಾಗ ಎಚ್ಚರಗೊಳ್ಳುತ್ತದೆ. ಗಾಳಿಯಿಲ್ಲದ ಚೀಲದಲ್ಲಿ ಕಾವು ಏರುತ್ತಲೇ ಹೋಗುತ್ತದೆ. ಪ್ರಯಾಣಕ್ಕೆ ಮುನ್ನ ‘ಶಟ್ ಡೌನ್’ ಅಥವಾ ‘ಹೈಬರ್ನೇಟ್’ ಮಾಡುವುದೇ ಸರಿಯಾದ ಕ್ರಮ.

ಒಳಗಿನ ಶುಚಿ

ವಾರಂಟಿ ಅವಧಿ ಇದ್ದರೆ ಬಿಚ್ಚುವ ಗೋಜಿಗೆ ಹೋಗದೆ ತಯಾರಕರ ಸೇವಾ ಕೇಂದ್ರಕ್ಕೇ ಒಯ್ಯಬೇಕು. ಅವಧಿ ಮುಗಿದಿದ್ದು, ಸ್ಕ್ರೂ ಡ್ರೈವರ್ ಹಿಡಿದು ಅಭ್ಯಾಸವಿರುವವರು ಸ್ವತಃ ಪ್ರಯತ್ನಿಸಬಹುದು. ಯಂತ್ರ ಆರಿಸಿ, ಚಾರ್ಜರ್ ತೆಗೆದು, ತಳದ ಹೊದಿಕೆ ಬಿಚ್ಚಿ, ಮೊಟ್ಟಮೊದಲು ಬ್ಯಾಟರಿಯ ಜೋಡಣೆಯನ್ನು ಬಿಡಿಸಬೇಕು. ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆಯಲು ಯಾವುದಾದರೂ ಲೋಹವನ್ನು ಮುಟ್ಟಿ ನಂತರ ಕೈಹಾಕಬೇಕು.

ಹೊರಗಿನಿಂದಲೇ ಕಿಂಡಿಯೊಳಗೆ ಜೋರಾಗಿ ಗಾಳಿ ಊದಿದರೆ ಹೆಪ್ಪುಗಟ್ಟಿದ ಧೂಳು ಹೊರಬರುವ ಬದಲು ಇನ್ನಷ್ಟು ಒಳಸೇರಬಹುದು. ಫ್ಯಾನನ್ನು ಬಿಚ್ಚಿ, ಅದರ ಹಿಂದೆ ಕುಳಿತ ಪದರವನ್ನು ಚಿಮಟದಿಂದಲೋ ಮೃದು ಬ್ರಷ್‌ನಿಂದಲೋ ಇಡಿಯಾಗಿ ಎತ್ತಿ ತೆಗೆಯುವುದೇ ಸರಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಪೇಸ್ಟ್ ಬದಲಿಸುವುದು ಇನ್ನೂ ನಾಜೂಕಿನ ಕೆಲಸ. ತಟ್ಟೆಯ ಸ್ಕ್ರೂಗಳ ಬಳಿ ಸಾಮಾನ್ಯವಾಗಿ ಸಂಖ್ಯೆ ಮುದ್ರಿಸಿರುತ್ತಾರೆ. ಅದೇ ಕ್ರಮದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಗೊಳಿಸಬೇಕು. ಹಳೆಯ ಲೇಪವನ್ನು ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ಪು ಮುಚ್ಚುವಷ್ಟು ಮಾತ್ರ ತೆಳುವಾಗಿ ಹಚ್ಚಬೇಕು. ಪಕ್ಕದ ಚಿಪ್ಪುಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇದ್ದರೆ ಅದರ ಜಾಗಕ್ಕೆ ಪೇಸ್ಟ್ ಬಳಿಯುವಂತಿಲ್ಲ. ಕೆಲವು ಆಟದ ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲು ದ್ರವ ಲೋಹ ಬಳಸಿರುತ್ತಾರೆ. ಅದು ವಿದ್ಯುದ್ವಾಹಕ, ಒಂದು ಹನಿ ಚೆಲ್ಲಿದರೂ ಮದರ್‌ಬೋರ್ಡ್ ಶಾರ್ಟ್ ಆದೀತು. ಅಂಥ ಯಂತ್ರವನ್ನು ಬಲ್ಲವರ ಕೈಗೇ ಒಪ್ಪಿಸಬೇಕು.

ದುರಸ್ತಿಗೆ ಕೊಡುವಾಗ

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲೂಕು ಕೇಂದ್ರಗಳವರೆಗೆ ಲ್ಯಾಪ್‌ಟಾಪ್ ದುರಸ್ತಿ ಮಾಡುವವರಿದ್ದಾರೆ. ಯಾರಲ್ಲಿಗೇ ಹೋದರೂ ಕೆಲವು ಎಚ್ಚರಿಕೆಗಳು ಅಗತ್ಯ. ‘ಆರಿಹೋಗುತ್ತದೆ’ ಎಂದಷ್ಟೇ ಹೇಳದೆ, ಎಷ್ಟು ಹೊತ್ತಿಗೆ, ಯಾವ ಕೆಲಸದಲ್ಲಿ, ಎಷ್ಟು ಡಿಗ್ರಿಯಲ್ಲಿ ಎಂಬ ವಿವರವನ್ನು ಬರೆದುಕೊಟ್ಟರೆ ಪತ್ತೆ ಸುಲಭವಾಗುತ್ತದೆ. ಮದರ್‌ಬೋರ್ಡ್ ಬದಲಿಸಬೇಕೆಂಬ ಸಲಹೆ ಬಂದರೆ, ಮೊದಲು ಶುಚಿಗೊಳಿಸಿ ಪೇಸ್ಟ್ ಬದಲಿಸಿ ನೋಡುವಂತೆ ಕೇಳಬಹುದು. ಕೆಲಸಕ್ಕೆ ಮುನ್ನ ಮತ್ತು ನಂತರದ ಉಷ್ಣಾಂಶವನ್ನು ಒಂದೇ ಹೊರೆಯಲ್ಲಿ ಅಳೆದು ತೋರಿಸುವಂತೆ ಕೇಳುವುದು ಗ್ರಾಹಕರ ಹಕ್ಕು. ಬದಲಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಬೇಕು; ರಶೀದಿ ಇರಲೇಬೇಕು.

ಎಲ್ಲ ಮಾಡಿದರೂ ಫಲ ಕಾಣದ ಪ್ರಕರಣಗಳಿವೆ. ಚಿಪ್ಪನ್ನು ಬೋರ್ಡಿಗೆ ಬೆಸೆದ ಸೂಕ್ಷ್ಮ ಕೊಂಡಿಗಳೇ ಬಿರುಕುಬಿಟ್ಟರೆ ಶುಚಿಯಿಂದ ಪ್ರಯೋಜನವಿಲ್ಲ. 2008ರ ಜುಲೈನಲ್ಲಿ ಎನ್‌ವಿಡಿಯಾ ಸಂಸ್ಥೆ, ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳ ಬೆಸುಗೆಯ ಸಾಮಗ್ರಿಯಲ್ಲಿ ದೌರ್ಬಲ್ಯವಿತ್ತೆಂದು ಒಪ್ಪಿ, ವೆಚ್ಚ ಭರಿಸಲು 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತ್ತು. ಅಂಥ ಚಿಪ್ಪನ್ನು ಬಿಸಿಗಾಳಿಯಿಂದ ಕಾಯಿಸಿ ಸರಿಪಡಿಸುವ ವಿಧಾನ ರೂಢಿಯಲ್ಲಿದೆಯಾದರೂ ಅದು ಸಾಮಾನ್ಯವಾಗಿ ತಾತ್ಕಾಲಿಕ. ಅದಕ್ಕೆ ಹಣ ತೆರುವ ಮುನ್ನ ಯಂತ್ರದ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸರ್ವಥಾ ಮಾಡಬಾರದವು

* ಬಿಸಿಯಾದ ಯಂತ್ರವನ್ನು ಫ್ರಿಜ್‌ನಲ್ಲಿಡುವುದು, ಅಡಿಗೆ ಮಂಜುಗಡ್ಡೆಯ ಚೀಲ ಇಡುವುದು. ಒಳಗೆ ನೀರಿನ ಹನಿ ಕಟ್ಟಿ ಮದರ್‌ಬೋರ್ಡ್ ಹಾಳಾಗುತ್ತದೆ.
* ಆರಿದೊಡನೆ ಮತ್ತೆ ಮತ್ತೆ ಚಾಲೂ ಮಾಡುವುದು. ಕನಿಷ್ಠ ಅರ್ಧ ಗಂಟೆ ತಣಿಯಲು ಬಿಡಬೇಕು.
* ಮನೆಗೆಲಸದ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬೋರ್ಡಿಗೆ ತಾಗಿಸುವುದು. ಸ್ಥಾಯೀ ವಿದ್ಯುತ್ತಿನ ಅಪಾಯವಿದೆ.
* ಬಿಸಿ ಲ್ಯಾಪ್‌ಟಾಪನ್ನು ದಿನವೂ ಗಂಟೆಗಟ್ಟಲೆ ತೊಡೆಯ ಮೇಲಿಡುವುದು. ಇದರಿಂದ ಚರ್ಮದ ಮೇಲೆ ಜಾಲದಂಥ ಕಂದು ಕಲೆ ಮೂಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ವರ್ಷಕ್ಕೊಮ್ಮೆ, ಅದರಲ್ಲೂ ಶಿವರಾತ್ರಿಯ ಸುಮಾರಿಗೆ ಬಿಸಿಲು ಬಲಿಯುವ ಮುನ್ನ, ಒಳಗಿನ ಧೂಳು ತೆಗೆಸುವ ರೂಢಿ ಇಟ್ಟುಕೊಂಡರೆ ಈ ಪಾಡು ಬಹುಮಟ್ಟಿಗೆ ತಪ್ಪುತ್ತದೆ. ಹಠಾತ್ತನೆ ಆರಿದ ಲ್ಯಾಪ್‌ಟಾಪ್ ನೀಡುವ ಎಚ್ಚರಿಕೆ ಮೊದಲ ಸಲಕ್ಕೇ ಕಿವಿಗೆ ಬಿದ್ದರೆ ಸಾಕು: ಬ್ಯಾಟರಿ ನೋಡುವುದು, ಕಡತ ಉಳಿಸಿಕೊಳ್ಳುವುದು, ಆಮೇಲೆ ಕಾವಿನ ದಾರಿಯನ್ನು ತೆರವುಗೊಳಿಸುವುದು. ಈ ಕ್ರಮ ತಪ್ಪದಿದ್ದರೆ ಹೊಸ ಯಂತ್ರ ಕೊಳ್ಳುವ ಪ್ರಮೇಯ ಸದ್ಯಕ್ಕೆ ಬಾರದಿರಬಹುದು.